ಅಕ್ಕಿ ಡಬ್ಬದಲ್ಲಿ ಅಡಗಿದ ಪುಸ್ತಕ



ಈ ಸಲ ತ್ರಿವೇಣಿಯವರ ಕಾದಂಬರಿಗಳ ಬಗ್ಗೆ ಬರೆಯುತ್ತೇನೆಂದು ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದೆ. ಆ ಮಾತನ್ನು ಮುಂದಕ್ಕೆ ಹಾಕಿದ್ದೇನೆ, ಕ್ಷಮಿಸಿ. ಕಾರಣ ಒಂದು ಪತ್ರ. ಬರೆದವರು ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಆದರೆ ಪತ್ರವನ್ನು ನಿಮ್ಮ ಮುಂದೆ ಇಡಲೇಬೇಕು. ಏಕೆಂದರೆ ಇಂಥ ಪತ್ರ ಬರೆಯಬೇಕೆಂದುಕೊಂಡು ಸುಮ್ಮನಾದವರು ನಿಮ್ಮಲ್ಲಿ ಇನ್ನೂ ಎಷ್ಟೋ ಮಂದಿ ಇರಬಹುದು.

‘ಅಕ್ಕನವರಿಗೆ ನಮಸ್ಕಾರ. ನನ್ನ ಮಗಳು ಹತ್ತನೇ ತರಗತಿ, ಇಂಗ್ಲಿಷ್ ಮೀಡಿಯಂ. ರಾತ್ರಿ ಹೊದಿಕೆಯೊಳಗೆ ಮೊಬೈಲ್ ಬೆಳಕು ಹಾಕಿಕೊಂಡು ಏನೋ ಓದುತ್ತಿದ್ದಳು. ಪಾಠದ ಪುಸ್ತಕ ಅಂದುಕೊಂಡಿದ್ದೆ. ನೋಡಿದರೆ ಕಪ್ಪು ಹೊದಿಕೆಯ ಕಥೆ ಪುಸ್ತಕ, ಮೇಲೆ ಒಂದು ಹಕ್ಕಿಯ ಚಿತ್ರ. ಎದುರುಮನೆಯ ಟೀಚರಮ್ಮನಿಗೆ ತೋರಿಸಿದೆ. ಇದರಲ್ಲಿ 24 ಮಕ್ಕಳನ್ನು ಕಾಡಿಗೆ ಬಿಟ್ಟು ಒಬ್ಬರನ್ನೊಬ್ಬರು ಕೊಲ್ಲಿ ಅಂತಾರೆ, ಅದನ್ನ ಟೀವಿಯಲ್ಲಿ ತೋರಿಸ್ತಾರೆ ಅಂದರು. ನನ್ನ ಕೈಕಾಲು ತಣ್ಣಗಾಯಿತು. ಪುಸ್ತಕ ಕಿತ್ತುಕೊಂಡು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಅದು ಅವಳ ಗೆಳತಿಯದಂತೆ. ಒಂಬತ್ತು ದಿನದಿಂದ ಅವಳು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡಿಲ್ಲ. ಅವಳು ಓದೋದನ್ನ ನನಗೆ ಓದೋಕೆ ಬರಲ್ಲ ಅಕ್ಕಾ, ಅದೇ ದೊಡ್ಡ ಸಂಕಟ. ನಾನು ಮಾಡಿದ್ದು ಸರಿಯೋ ತಪ್ಪೋ ನೀವೇ ಹೇಳಿ.’

ರುಚಿ ನೋಡದೆ ಸಾರಿಗೆ ಉಪ್ಪು ಹೆಚ್ಚಾಯಿತೆನ್ನುವವಳು ನಾನಲ್ಲ. ಆ ತಂಗಿಗೆ ಅದೇ ದಿನ ಒಂದು ಕಾರ್ಡು ಹಾಕಿದೆ. ‘ಪುಸ್ತಕವನ್ನು ಮೊದಲು ಅಕ್ಕಿಯಿಂದ ಈಚೆಗೆ ತೆಗೆಯಿರಿ, ಹುಳ ಬಿದ್ದೀತು. ಬೈಯಬೇಡಿ. ನಾಲ್ಕು ದಿನ ಕೊಡಿ, ಓದಿ ಹೇಳುತ್ತೇನೆ’ ಎಂದು. ನಮ್ಮ ಬೀದಿಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕಾಲೇಜು ಓದುತ್ತಾಳೆ. ರಜೆಗೆ ಬಂದವಳನ್ನು ಕೇಳಿದರೆ, ಆ ಪುಸ್ತಕವೊಂದೇ ಅಲ್ಲ, ಒಂದು ಚೀಲದ ತುಂಬ ತಂದು ಸುರಿದಳು. ಎಲ್ಲವೂ ಹದಿಹರೆಯದವರಿಗೆಂದೇ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಗಳು. ಕೆಲವು ಮಾಯಾಲೋಕದವು, ಕೆಲವು ಕೊಲೆ ಪತ್ತೇದಾರಿಯವು. ನಾಲ್ಕು ದಿನದ ಕೆಲಸ ಒಂದೂವರೆ ತಿಂಗಳಾಯಿತು. ಮಧ್ಯಾಹ್ನ ಪಾತ್ರೆ ತೊಳೆದಿಟ್ಟ ಮೇಲೆ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದ್ದೇನೆ. ಎರಡು ದಿನ ಹಾಲು ಉಕ್ಕಿಸಿದ್ದೂ ಉಂಟು, ಸುಳ್ಳೇಕೆ ಹೇಳಲಿ.

ಮೊದಲು ಅಕ್ಕಿ ಡಬ್ಬದ ಪುಸ್ತಕ. ಹೆಸರು ‘ದಿ ಹಂಗರ್ ಗೇಮ್ಸ್’. ಬರೆದವರು ಸುಝಾನ್ ಕಾಲಿನ್ಸ್ ಎಂಬ ಅಮೆರಿಕದ ಲೇಖಕಿ, ಬಂದದ್ದು 2008ರಲ್ಲಿ. ಹಳೆಯದಾಯಿತಲ್ಲ ಎನ್ನಬೇಡಿ. 2025ರ ಮಾರ್ಚಿನಲ್ಲಿ ಅದೇ ಮಾಲೆಯ ಐದನೆಯ ಪುಸ್ತಕ ಬಂದಿದೆ, ಹಾಗಾಗಿ ಹುಡುಗಿಯರು ಮತ್ತೆ ಮೊದಲಿನಿಂದ ಓದಲು ಶುರು ಮಾಡಿದ್ದಾರೆ.

ಟೀಚರಮ್ಮ ಹೇಳಿದ್ದು ಸುಳ್ಳಲ್ಲ. ಮುಂದೆಂದೋ ಒಂದು ಕಾಲದಲ್ಲಿ, ಅಮೆರಿಕ ಹಾಳಾಗಿ ಅಲ್ಲಿ ಪ್ಯಾನೆಮ್ ಎಂಬ ದೇಶವಾಗಿದೆ. ನಡುವೆ ಭೋಗದಲ್ಲಿ ಮುಳುಗಿದ ರಾಜಧಾನಿ, ಸುತ್ತ ದುಡಿಯುವ 12 ಪ್ರಾಂತಗಳು. ಹಿಂದೊಮ್ಮೆ ಪ್ರಾಂತಗಳು ದಂಗೆ ಎದ್ದವೆಂದು ಪ್ರತಿ ವರ್ಷ ಒಂದೊಂದು ಪ್ರಾಂತವೂ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಕಳಿಸಬೇಕು. 24 ಮಕ್ಕಳಲ್ಲಿ ಒಬ್ಬರು ಉಳಿಯುವವರೆಗೆ ಹೊಡೆದಾಟ. ಇದನ್ನು ಓದಿದಾಗ ನನಗೂ ಹೊಟ್ಟೆಯಲ್ಲಿ ಕಲಸಿದಂತಾಯಿತು.

ಆದರೆ ಐವತ್ತು ಪುಟ ದಾಟುವುದರೊಳಗೆ ನನಗೆ ಬೇರೆಯೇ ಒಂದು ಕಥೆ ನೆನಪಾಗತೊಡಗಿತು. ಏಕಚಕ್ರನಗರದ ಬಕಾಸುರ! ಪಾಳಿಯ ಪ್ರಕಾರ ಒಂದೊಂದು ಮನೆಯಿಂದ ಒಂದು ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ. ಬ್ರಾಹ್ಮಣನ ಮನೆಯ ಪಾಳಿ ಬಂದಾಗ ಅಪ್ಪ ನಾನು ಹೋಗುತ್ತೇನೆನ್ನುತ್ತಾನೆ, ಅಮ್ಮ ನಾನು ಎನ್ನುತ್ತಾಳೆ, ಮಗಳು ನಾನು ಎನ್ನುತ್ತಾಳೆ. ಇನ್ನೂ ತೊದಲು ಮಾತಿನ ಪುಟ್ಟ ಮಗ ಒಂದು ಹುಲ್ಲುಕಡ್ಡಿ ಹಿಡಿದು ಇದರಿಂದಲೇ ರಾಕ್ಷಸನನ್ನು ಕೊಲ್ಲುತ್ತೇನೆ ಎನ್ನುತ್ತಾನೆ. ಆಗ ಅಲ್ಲವೇ ಕುಂತಿ ಒಳಗೆ ಬರುವುದು? ಈ ಕಥೆಯನ್ನು ನಾವೆಲ್ಲ ಮಕ್ಕಳಿಗೆ ತುತ್ತು ಕೊಡುತ್ತ ಹೇಳಿದ್ದೇವೆ. ಹೆದರಿ ಯಾವ ಮಗುವೂ ಕೆಟ್ಟದ್ದನ್ನು ನಾನು ಕಂಡಿಲ್ಲ. ಕಾಲಿನ್ಸ್ ಅವರೂ ಇಂಥದೇ ಒಂದು ಗ್ರೀಕ್ ಪುರಾಣದಿಂದ ಎಳೆ ತೆಗೆದುಕೊಂಡಿದ್ದಾರೆ. ಅಥೆನ್ಸ್ ನಗರದವರು ದಂಡವಾಗಿ ತಮ್ಮ ಹುಡುಗ ಹುಡುಗಿಯರನ್ನು ಗೂಳಿಯ ತಲೆಯ ರಾಕ್ಷಸನಿಗೆ ಕಳಿಸಿಕೊಡುವ ಕಥೆ ಅದು. ಇನ್ನೊಂದು ಎಳೆ ಟೀವಿಯದು. ಒಂದು ರಾತ್ರಿ ಅವರು ಚಾನೆಲ್ ಬದಲಿಸುತ್ತಿದ್ದಾಗ ಒಂದರಲ್ಲಿ ಹುಡುಗರ ಸ್ಪರ್ಧೆ, ಇನ್ನೊಂದರಲ್ಲಿ ನಿಜವಾದ ಯುದ್ಧ. ಎರಡೂ ಕಣ್ಣಿನಲ್ಲಿ ಕಲಸಿಹೋದವಂತೆ. ಯೋಚಿಸಿ ನೋಡಿ, ನಮ್ಮ ಮನೆಯಲ್ಲೂ ಊಟದ ಹೊತ್ತಿಗೆ ಅದೇ ಅಲ್ಲವೇ ನಡೆಯುವುದು?

ಈ ಪುಸ್ತಕದಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಬಿಲ್ಲು ಬಾಣವಲ್ಲ, ರೇಶನ್ನು. ಹೌದು! 12 ವರ್ಷ ತುಂಬಿದ ಮಗುವಿನ ಹೆಸರು ಚೀಟಿಯ ಗಾಜಿನ ಬುಟ್ಟಿಗೆ ಬೀಳುತ್ತದೆ. ವರ್ಷಕ್ಕೊಂದು ಚೀಟಿ ಹೆಚ್ಚು. ಆದರೆ ಬಡವರ ಮಗುವಾದರೆ ಇನ್ನೊಂದು ಚೀಟಿ ಹಾಕಿಸಿ ಮನೆಯ ಒಬ್ಬರಿಗೆ ಒಂದು ವರ್ಷಕ್ಕೆ ಸಾಲುವಷ್ಟಲ್ಲದ ಧಾನ್ಯ, ಎಣ್ಣೆ ಪಡೆಯಬಹುದು. ಕಥಾನಾಯಕಿ ಕ್ಯಾಟ್ನಿಸ್‌ಗೆ 16 ವರ್ಷ. ತನಗೆ, ತಾಯಿಗೆ, ತಂಗಿಗೆ ಎಂದು ವರ್ಷ ವರ್ಷ ಧಾನ್ಯ ತಂದು ಅವಳ ಹೆಸರಿನ ಚೀಟಿ 20 ಆಗಿವೆ. ಅವಳ ತಂಗಿ ಪ್ರಿಮ್‌ಗೆ 12. ಅಕ್ಕ ಧಾನ್ಯಕ್ಕೆ ಹೆಸರು ಕೊಡಲು ಬಿಡದಿದ್ದರಿಂದ ಅವಳದು ಒಂದೇ ಚೀಟಿ. ಬರುವುದು ಆ ಒಂದು ಚೀಟಿಯೇ. ತಂಗಿಯ ಬದಲು ನಾನು ಹೋಗುತ್ತೇನೆಂದು ಅಕ್ಕ ಮುಂದೆ ಬರುತ್ತಾಳೆ. ಯಾರ ಮನೆಯ ಮಕ್ಕಳು ಹೆಚ್ಚಾಗಿ ಸಾಯುತ್ತಾರೆ ಎಂಬುದನ್ನು ಒಂದು ಸೇರು ಧಾನ್ಯದಲ್ಲಿ ತೋರಿಸಿಕೊಟ್ಟ ಹೆಂಗಸು ಸಾಮಾನ್ಯಳಲ್ಲ ಎಂದುಕೊಂಡೆ.

ಇನ್ನು ರೊಟ್ಟಿಯ ಪ್ರಸಂಗ. ಕ್ಯಾಟ್ನಿಸ್‌ಳ ಅಪ್ಪ ಕಲ್ಲಿದ್ದಲು ಗಣಿಯ ಸ್ಫೋಟದಲ್ಲಿ ಸತ್ತಾಗ ಅವಳಿಗೆ 11 ವರ್ಷ. ಮನೆಯಲ್ಲಿ ಏನೂ ಇಲ್ಲ. ಮಳೆಯಲ್ಲಿ ಬೇಕರಿಯ ಹಿಂದಿನ ಕಸದ ಡಬ್ಬ ಹುಡುಕುತ್ತಾಳೆ, ಅದೂ ಖಾಲಿ. ಬೇಕರಿಯ ಯಜಮಾನಿ ಬೈದು ಅಟ್ಟುತ್ತಾಳೆ. ಆಗ ಒಳಗಿನಿಂದ ಏನೋ ಬಿದ್ದ ಸದ್ದು, ಏಟಿನ ಸದ್ದು. ಆಕೆಯ ಮಗ ಪೀಟಾ ಕೆನ್ನೆ ಕೆಂಪಾಗಿಸಿಕೊಂಡು ಎರಡು ಸೀದ ರೊಟ್ಟಿ ಹಿಡಿದು ಹಂದಿಗೆ ಹಾಕಲು ಈಚೆ ಬರುತ್ತಾನೆ. ಅಮ್ಮ ಅತ್ತ ತಿರುಗಿದೊಡನೆ ಹುಡುಗಿಯ ಕಡೆ ಎಸೆದುಬಿಡುತ್ತಾನೆ. ರೊಟ್ಟಿಯನ್ನು ಬೆಂಕಿಗೆ ಬೀಳಿಸಿದ್ದು ಬೇಕೆಂದೇ ಇರಬಹುದೇ ಎಂದು ಹುಡುಗಿ ವರ್ಷಗಟ್ಟಲೆ ಯೋಚಿಸುತ್ತಾಳೆ. ಒಂದೂ ಮಾತಾಡದ ಆ ಹುಡುಗನ ಹೆಸರೇ ಐದು ವರ್ಷದ ಮೇಲೆ ಎರಡನೆಯ ಚೀಟಿಯಲ್ಲಿ ಬರುತ್ತದೆ. ಅವಳಿಗೆ ಅನ್ನ ಕೊಟ್ಟವನು, ಅವಳು ಕೊಲ್ಲಬೇಕಾದವನು. ಹೇಳಿ, ಇದನ್ನು ಓದುವ ಹುಡುಗಿ ಕೊಲೆಯನ್ನು ಕಲಿಯುತ್ತಾಳೆಯೇ, ಉಪ್ಪಿನ ಋಣವನ್ನು ಕಲಿಯುತ್ತಾಳೆಯೇ?

ಪುಸ್ತಕದ ತುಂಬ ಹೀಗೆ ಊಟವೇ. ತಂಗಿ ಸಾಕಿದ ಮೇಕೆಯ ಹಾಲಿನಿಂದ ಮಾಡಿದ ಚೀಸನ್ನು ಕಾಮಕಸ್ತೂರಿಯಂಥ ಎಲೆಯಲ್ಲಿ ಸುತ್ತಿ ಅಕ್ಕನಿಗೆ ಇಡುವುದು. ಸತ್ತ ಪುಟ್ಟ ಹುಡುಗಿಗೆ ಹೂವಿಟ್ಟದ್ದಕ್ಕಾಗಿ ಆ ಹುಡುಗಿಯ ಪ್ರಾಂತದ ಬಡವರು ಕಾಸು ಕೂಡಿಸಿ ಒಂದು ರೊಟ್ಟಿ ಕಳಿಸುವುದು. ಆ ಪುಟ ಓದಿ ನಾನು ಪುಸ್ತಕ ಮಡಿಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಒಂದು ವಿಷಯ ಮಾತ್ರ ತಾಯಂದಿರಿಗೆ ಚುಚ್ಚುತ್ತದೆ, ಮುಚ್ಚಿಡುವುದಿಲ್ಲ. ಗಂಡ ಸತ್ತ ಮೇಲೆ ಕ್ಯಾಟ್ನಿಸ್‌ಳ ತಾಯಿ ಮಾತು ಬಿಟ್ಟು, ಮೂಲೆ ಹಿಡಿದು ಕುಳಿತಳು. ಮನಸ್ಸಿನ ಕಾಯಿಲೆ ಅದು, ನಮಗೆ ಗೊತ್ತಾಗುತ್ತದೆ. ಹಸಿದ ಮಗಳಿಗೆ ಅದು ಗೊತ್ತಾಗಲಿಲ್ಲ. ಅವಳು ತಾಯಿಯನ್ನು ಪೂರ್ತಿ ಕ್ಷಮಿಸಿಯೇ ಇಲ್ಲ. ಹೊರಡುವ ಗಳಿಗೆಯಲ್ಲೂ ‘ಈ ಸಲ ಹಾಗೆ ಕುಳಿತುಬಿಡಬೇಡ’ ಎಂಬ ಅರ್ಥದಲ್ಲಿ ಗದರುತ್ತಾಳೆ. ಮಕ್ಕಳು ನಮ್ಮನ್ನು ಎಲ್ಲಿಂದ ನೋಡುತ್ತಿರುತ್ತಾರೆ ಎನ್ನುವುದು ನಮಗೆ ತಿಳಿಯುವುದೇ ಇಲ್ಲ ಸೋದರಿಯರೇ. ಒಂಬತ್ತು ದಿನ ಮಾತು ಬಿಟ್ಟ ಮಗಳು ಯಾವ ಪುಟದಲ್ಲಿ ನಿಂತಿದ್ದಳೋ ಎಂದು ನನಗೆ ಅನ್ನಿಸಿತು.

ಮಾಲೆಯ ಉಳಿದ ಪುಸ್ತಕಗಳ ವಿಷಯ ಬೇಗ ಮುಗಿಸುತ್ತೇನೆ. ಎರಡನೆಯದು ಪರವಾಗಿಲ್ಲ, ಆದರೆ ಇವನೋ ಅವನೋ ಎಂಬ ಪ್ರೇಮದ ಉಯ್ಯಾಲೆ ಸ್ವಲ್ಪ ಅತಿಯಾಯಿತು. ಮೂರನೆಯದು ಪೂರ್ತಿ ಯುದ್ಧ, ಬಹಳ ಕತ್ತಲೆ. ಅದನ್ನು ಎರಡು ವರ್ಷ ತಡೆದು ಓದಲಿ. 2025ರಲ್ಲಿ ಬಂದ ‘ಸನ್‌ರೈಸ್ ಆನ್ ದಿ ರೀಪಿಂಗ್’ ಮಾತ್ರ ಬಿಡಬೇಡಿ. ಮೊದಲ ಪುಸ್ತಕದಲ್ಲಿ ಹೇಮಿಚ್ ಎಂಬ ಕುಡುಕ ಬರುತ್ತಾನೆ, ವೇದಿಕೆಯ ಮೇಲೇ ಬೀಳುವಷ್ಟು ಕುಡಿದಿರುತ್ತಾನೆ, ನಗು ಬರುತ್ತದೆ. ಅವನಿಗೂ 16 ವರ್ಷವಾಗಿತ್ತು, ಅವನ ಹುಟ್ಟಿದ ದಿನವೇ ಚೀಟಿ ಎತ್ತುವ ದಿನ, ಆ ವರ್ಷ 48 ಮಕ್ಕಳನ್ನು ಕಳಿಸಿದ್ದರು. ನಡೆದದ್ದೇ ಒಂದು, ಟೀವಿಯಲ್ಲಿ ಕತ್ತರಿಸಿ ಅಂಟಿಸಿ ಜನರಿಗೆ ತೋರಿಸಿದ್ದೇ ಇನ್ನೊಂದು. ಕೊನೆಗೆ ಬರುವ ಹೊತ್ತಿಗೆ ಮೊದಲು ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ನಮ್ಮ ಬೀದಿಯ ಕುಡುಕರ ಕಥೆಯನ್ನೂ ಯಾರಾದರೂ ಹೀಗೆ ಹಿಂದಿನಿಂದ ಬರೆದರೆ ಹೇಗಿದ್ದೀತು!

ಈಗ ಪತ್ತೇದಾರಿಗೆ ಬರೋಣ. ‘ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್’, ಬರೆದವರು ಇಂಗ್ಲೆಂಡಿನ ಹಾಲಿ ಜಾಕ್ಸನ್. 2019ರಲ್ಲಿ ಬಂತು, 2024ರಲ್ಲಿ ಟೀವಿಗೂ ಬಂತು. ಹೆಸರು ನೋಡಿ ಕೊಲೆ ಮಾಡುವುದನ್ನು ಕಲಿಸುವ ಪುಸ್ತಕವೆಂದು ಹೌಹಾರಬೇಡಿ. ಪಿಪ್ ಎಂಬ 17ರ ಹುಡುಗಿ, ಓದಿನಲ್ಲಿ ಮುಂದು. ಶಾಲೆಯ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ತನ್ನ ಪುಟ್ಟ ಊರಿನಲ್ಲಿ ಐದು ವರ್ಷದ ಹಿಂದೆ ನಡೆದ ಪ್ರಕರಣವನ್ನು ಆರಿಸಿಕೊಳ್ಳುತ್ತಾಳೆ. ಆಂಡಿ ಎಂಬ ಹುಡುಗಿ ಕಾಣೆಯಾದಳು. ಅವಳ ಗೆಳೆಯ ಸಾಲ್ ಸಿಂಗ್ ಕೊಂದು, ತಾನೂ ಸತ್ತ ಎಂದು ಪೊಲೀಸರು ಕಡತ ಮುಚ್ಚಿದರು. ಹೆಸರಿನಿಂದಲೇ ತಿಳಿಯಿತಲ್ಲ, ಅವನು ಭಾರತ ಮೂಲದ ಮನೆಯವನು.

ಆ ಊರಿನವರು ಅವನ ತಂದೆತಾಯಿ, ತಮ್ಮನನ್ನು ನಡೆಸಿಕೊಂಡ ರೀತಿ ಇದೆಯಲ್ಲ, ಅದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಸಣ್ಣ ಊರಲ್ಲಿ ಒಂದು ಮನೆಯ ಮೇಲೆ ಮಾತು ಬಂದರೆ ಸಾಕು, ನಲ್ಲಿಯ ಬಳಿ ಮಾತು ನಿಲ್ಲುತ್ತದೆ. ಅರಿಶಿನ ಕುಂಕುಮಕ್ಕೆ ಕರೆ ನಿಲ್ಲುತ್ತದೆ. ನ್ಯಾಯಾಲಯಕ್ಕೆ ಹೋಗದ ತೀರ್ಪು ಅದು, ಅದಕ್ಕೆ ಮೇಲ್ಮನವಿಯೂ ಇಲ್ಲ. ಸಾಲ್‌ನ ತಮ್ಮ ರವಿಯ ಮನೆಯ ಬಾಗಿಲನ್ನು ಪಿಪ್ ತಟ್ಟುವ ದೃಶ್ಯ ನೋಡಿ. ಊರಿನವರೊಬ್ಬರು ಅವರ ಬಾಗಿಲಿಗೆ ಬರುವುದೇ ದೊಡ್ಡ ಸಂಗತಿಯಾಗಿಬಿಟ್ಟಿರುತ್ತದೆ.

ಕಥೆ ಹೇಳುವ ಚಾಕಚಕ್ಯತೆ ಮೆಚ್ಚಬೇಕು. ಪಿಪ್ ಬರೆದುಕೊಂಡ ಟಿಪ್ಪಣಿ, ಸಂದರ್ಶನ, ಸಂಶಯಾಸ್ಪದರ ಪಟ್ಟಿ ಎಲ್ಲ ನಡುವೆ ಬರುತ್ತವೆ. ಓದುವವರೂ ಪೆನ್ಸಿಲ್ ಹಿಡಿದು ಕೂರುವಂತಾಗುತ್ತದೆ. ನಾನು ಇಬ್ಬರ ಮೇಲೆ ಸಂಶಯ ಪಟ್ಟೆ, ಎರಡೂ ತಪ್ಪಾಯಿತು. ಆದರೆ ದೂರೂ ಇದೆ. ಬೆದರಿಕೆ ಚೀಟಿ ಬಂದ ಮೇಲೂ ಈ ಹುಡುಗಿ ಮನೆಯಲ್ಲಿ ಹೇಳುವುದಿಲ್ಲ. ರಾತ್ರಿ ಒಬ್ಬಳೇ ಹೋಗುತ್ತಾಳೆ. ಒಳ್ಳೆಯ ಅಪ್ಪ ಅಮ್ಮ ಇದ್ದೂ! ಓದಿದ ಮೇಲೆ ಮಗಳನ್ನು ಕೇಳಿ ನೋಡಿ, ‘ನೀನಾಗಿದ್ದರೆ ನನಗೆ ಹೇಳುತ್ತಿದ್ದೆಯಾ?’ ಎಂದು. ಉತ್ತರ ಏನೇ ಬಂದರೂ ಕೂಗಾಡಬೇಡಿ, ಅಷ್ಟೆ. ಇದರ ಮುಂದುವರಿಕೆಯಾಗಿ ಇನ್ನೆರಡು ಪುಸ್ತಕಗಳಿವೆ. ಮೂರನೆಯದರಲ್ಲಿ ಪಿಪ್ ಮಾಡುವ ಕೆಲಸವನ್ನು ನಾನು ಒಪ್ಪಲಾರೆ. ನಮ್ಮ ಬೀದಿಯ ಹುಡುಗಿ ಒಪ್ಪುತ್ತಾಳೆ. ಜಗಲಿಯ ಮೇಲೆ ಕುಳಿತು ಒಂದು ಗಂಟೆ ವಾದ ಮಾಡಿದೆವು, ಕಾಫಿ ಆರಿಹೋಯಿತು, ಇತ್ಯರ್ಥವಾಗಲಿಲ್ಲ.

ಸಸ್ಪೆನ್ಸಿನದೇ ಇನ್ನೊಂದು ‘ವಿ ವರ್ ಲೈಯರ್ಸ್’, ಇ. ಲಾಕ್‌ಹಾರ್ಟ್ ಬರೆದದ್ದು, 2014ರದು, 2025ರಲ್ಲಿ ಧಾರಾವಾಹಿಯಾಯಿತು. ಸ್ವಂತ ದ್ವೀಪವಿರುವ ಶ್ರೀಮಂತ ಅಜ್ಜ, ಮೂವರು ಹೆಣ್ಣುಮಕ್ಕಳು, ಆಸ್ತಿಗಾಗಿ ಅವರ ಜಗಳ, ತಮ್ಮ ತಮ್ಮ ಮಕ್ಕಳನ್ನು ಅಜ್ಜನ ಮುಂದೆ ಬಿಟ್ಟು ಓಲೈಸುವ ಆಟ. ದ್ವೀಪ ತೆಗೆದು ತೋಟದ ಮನೆ ಎಂದು ಹಾಕಿದರೆ ನಮ್ಮದೇ ಕಥೆ! ಬೇಸಿಗೆಗೆ ಅಲ್ಲಿಗೆ ಬರುವ ಭಾರತ ಮೂಲದ ಹುಡುಗನೊಬ್ಬನ ಹೆಸರು ಪಾಟೀಲ್ ಎಂದು ಓದಿದಾಗ ನಗು ಬಂತು, ನಮ್ಮ ಧಾರವಾಡದ ಕಡೆಯವರು ಖುಷಿಪಡಲಿ. ಆ ಅಜ್ಜ ಅವನನ್ನು ನೋಡುವ ನೋಟ ಮಾತ್ರ ಖುಷಿಯದಲ್ಲ. ಕೊನೆಯಲ್ಲಿ ಒಂದು ಪೆಟ್ಟು ಇದೆ, ಹೇಳುವುದಿಲ್ಲ. ನನಗೆ ಭಾಷೆ ಹಿಡಿಸಲಿಲ್ಲ. ಪದ್ಯದ ಹಾಗೆ ತುಂಡು ತುಂಡು ವಾಕ್ಯ, ಬಿಕ್ಕಳಿಕೆ ಬಂದವರು ಮಾತಾಡಿದಂತೆ. ಹುಡುಗಿಯರಿಗೆ ಅದೇ ಇಷ್ಟವಂತೆ. ಇರಲಿ.

ಮಾಯಾಲೋಕದ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಹೇಳುತ್ತೇನೆ. ‘ಚಿಲ್ಡ್ರನ್ ಆಫ್ ಬ್ಲಡ್ ಅಂಡ್ ಬೋನ್’. ಬರೆದ ಟೋಮಿ ಅಡೆಯೆಮಿಯವರದು ನೈಜೀರಿಯಾ ಮೂಲ, ಅಮೆರಿಕದಲ್ಲಿ ಹುಟ್ಟಿ ಬೆಳೆದವರು. 2018ರಲ್ಲಿ ಪುಸ್ತಕ ಬಂದಾಗ ಅವರಿಗೆ 24 ವರ್ಷ. ಮೂರು ಭಾಗದ ಕಥೆ, ಕೊನೆಯದು 2024ರಲ್ಲಿ ಮುಗಿಯಿತು. ಈ ಮಾಯೆ ಬಿಳಿಯರ ದೇಶದ ಮಾಟಗಾತಿ, ಪೊರಕೆಯದಲ್ಲ. ಪಶ್ಚಿಮ ಆಫ್ರಿಕದ ಯೊರುಬಾ ಜನರ ದೇವತೆಗಳದು. ಬಿಳಿಕೂದಲಿನಿಂದ ಹುಟ್ಟಿದವರಿಗೆ ಮಂತ್ರಶಕ್ತಿ ಇತ್ತು; ರಾಜ ಒಂದೇ ರಾತ್ರಿಯಲ್ಲಿ ಅವರ ಹಿರಿಯರನ್ನೆಲ್ಲ ಕೊಲ್ಲಿಸಿದ. ನಾಯಕಿ ಝೆಲಿಯ ತಾಯಿಯೂ ಹಾಗೆ ಹೋದವಳು. ಉಳಿದ ಬಿಳಿಕೂದಲಿನ ಮಕ್ಕಳಿಗೆ ‘ಹುಳು’ ಎಂಬ ಬೈಗುಳ, ಅವರ ಮನೆಗೆ ಏರುತ್ತಲೇ ಹೋಗುವ ತೆರಿಗೆ. ತೆರಿಗೆ ಕಟ್ಟಲು ಝೆಲಿ ಒಂದು ದೊಡ್ಡ ಮೀನು ಹಿಡಿದು ಪಟ್ಟಣದ ಸಂತೆಗೆ ಒಯ್ಯುವಲ್ಲಿಂದ ಕಥೆ ಓಡುತ್ತದೆ. ಅದೇ ಪಟ್ಟಣದ ಅರಮನೆಯಿಂದ ರಾಜಕುಮಾರಿ ಅಮಾರಿ ಓಡಿಬರುತ್ತಾಳೆ. ಅವಳ ಒಬ್ಬಳೇ ಗೆಳತಿಯಾಗಿದ್ದ ದಾಸಿ ಹುಡುಗಿಯನ್ನು ಅವಳ ಅಪ್ಪನೇ ಕೊಂದಿರುತ್ತಾನೆ.

ಈ ಅಮಾರಿಯೇ ನನಗೆ ಝೆಲಿಗಿಂತ ಇಷ್ಟವಾದಳು. ಅಂಜುಬುರುಕಿ, ಅಪ್ಪ ಕೆಮ್ಮಿದರೆ ನಡುಗುವವಳು. ಅವಳು ಹೆಜ್ಜೆ ಹೆಜ್ಜೆಗೆ ಗಟ್ಟಿಯಾಗುವುದನ್ನು ನೋಡಬೇಕು. ಆದರೆ ಪುಸ್ತಕ 500 ಪುಟ ದಾಟುತ್ತದೆ, ಅದರಲ್ಲಿ ನೂರು ಪುಟದಷ್ಟು ಕಾದಾಟ ಕಳೆದರೂ ನಷ್ಟವಿರಲಿಲ್ಲ. ಕತ್ತಿ ಹಿಡಿದು ಬೆನ್ನಟ್ಟಿದವನ ಮೇಲೆ ಅಷ್ಟು ಬೇಗ ಪ್ರೀತಿ ಹುಟ್ಟುವುದೂ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಕೊನೆಯಲ್ಲಿ ಲೇಖಕಿಯ ಒಂದು ಟಿಪ್ಪಣಿ ಇದೆ: ಅಮೆರಿಕದಲ್ಲಿ ಕಪ್ಪು ಜನರನ್ನು ಪೊಲೀಸರು ಗುಂಡಿಟ್ಟು ಕೊಂದ ಸುದ್ದಿಗಳನ್ನು ಓದಿ, ಭಯ, ಸಿಟ್ಟು, ಅಳುವಿನಲ್ಲಿ ಬರೆದದ್ದಂತೆ. ಅದನ್ನು ಓದಿದ ಮೇಲೆ ಹುಳು ಎಂಬ ಬೈಗುಳ ಮಾಯಾಲೋಕದ್ದಾಗಿ ಉಳಿಯುವುದಿಲ್ಲ. ಹುಟ್ಟಿನಿಂದ ಬೈಗುಳ ಹೊತ್ತವರು ನಮ್ಮ ಊರುಗಳಲ್ಲಿ ಇಲ್ಲವೇ?

ಚೀಲದ ಎಲ್ಲ ಪುಸ್ತಕಗಳಲ್ಲಿ ನನಗೆ ಅತ್ಯುತ್ತಮ ಎನ್ನಿಸಿದ್ದು ‘ಫೈರ್‌ಕೀಪರ್ಸ್ ಡಾಟರ್’. 2021ರದು. ಲೇಖಕಿ ಏಂಜಲೀನ್ ಬೂಲಿ ಅಮೆರಿಕದ ಮೂಲನಿವಾಸಿ ಓಜಿಬ್ವೆ ಜನರವರು. ಅಲ್ಲಿನ ಶಿಕ್ಷಣ ಇಲಾಖೆಯಲ್ಲಿ ಮೂಲನಿವಾಸಿ ಮಕ್ಕಳ ಶಿಕ್ಷಣದ ಕಚೇರಿಯನ್ನು ನಡೆಸಿದವರು. ಕಥೆಯ ಬೀಜ ಹೊಳೆದದ್ದು 18ರ ವಯಸ್ಸಿನಲ್ಲಂತೆ. ಬರೆಯಲು ಕುಳಿತದ್ದು 40 ದಾಟಿದ ಮೇಲೆ, ಪುಸ್ತಕ ಕೈಗೆ ಬಂದಾಗ 50 ದಾಟಿತ್ತು. ಮಕ್ಕಳ ಊಟದ ಡಬ್ಬಿ ಕಟ್ಟುತ್ತ ‘ಇನ್ನೇನು ಬರೆಯೋದು ನಾವು’ ಎನ್ನುವ ಸೋದರಿಯರು ಇದನ್ನು ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ನಾಯಕಿ ಡಾನಿಸ್‌ಗೆ 18. ತಾಯಿ ಬಿಳಿಯರವಳು, ತಂದೆ ಓಜಿಬ್ವೆ. ಎರಡೂ ಕಡೆಯವಳು, ಎರಡೂ ಕಡೆ ಪೂರ್ತಿ ಸಲ್ಲದವಳು. ಅಮೆರಿಕ, ಕೆನಡಾ ಗಡಿಯ ಊರಿನಲ್ಲಿ ಮಾದಕ ಪದಾರ್ಥ ಹರಡುತ್ತಿದೆ. ಕಣ್ಣೆದುರಿಗೇ ಪ್ರಾಣದ ಗೆಳತಿ ಕೊಲೆಯಾಗುತ್ತಾಳೆ. ಪೊಲೀಸರ ಪರವಾಗಿ ಗುಟ್ಟಾಗಿ ಮಾಹಿತಿ ಸಂಗ್ರಹಿಸಲು ಡಾನಿಸ್ ಒಪ್ಪುತ್ತಾಳೆ. ಶಾಲೆಯಲ್ಲಿ ಕಲಿತ ರಸಾಯನಶಾಸ್ತ್ರ ಒಂದು ಕೈ, ಹಿರಿಯರಿಂದ ಕಲಿತ ಗಿಡಮೂಲಿಕೆಯ ತಿಳಿವಳಿಕೆ ಇನ್ನೊಂದು ಕೈ. ಬೆಳಗ್ಗೆ ಎದ್ದು ಮರದ ಬುಡದಲ್ಲಿ ಒಂದು ಚಿಟಿಕೆ ಹೊಗೆಸೊಪ್ಪು ಇಟ್ಟು ಪ್ರಾರ್ಥಿಸಿ ಓಟಕ್ಕೆ ಹೊರಡುತ್ತಾಳೆ. ತುಳಸಿಗೆ ನೀರು ಹಾಕಿ ದಿನ ಶುರುಮಾಡುವ ನಮಗೆ ಅವಳು ಪರಕೀಯಳೆನ್ನಿಸುವುದಿಲ್ಲ.

ಇಲ್ಲಿ ಪತ್ತೇದಾರಿ ಅವಸರವಿಲ್ಲ. ಯಾರು ಕೊಂದರು ಎಂಬುದಕ್ಕಿಂತ, ಸತ್ಯ ಹೊರಬಿದ್ದರೆ ನಮ್ಮ ಜನರಿಗೇನಾಗುತ್ತದೆ, ಸರ್ಕಾರದವರಿಗೆ ಅಪರಾಧಿ ಸಿಕ್ಕರೆ ಸಾಕು, ನಮ್ಮ ಮಕ್ಕಳು ಬೇಕಿಲ್ಲವಲ್ಲ ಎಂಬ ಸಂಕಟ ದೊಡ್ಡದು. ಅಜ್ಜಿಯರು ಪಾತ್ರವಾಗಿ ಬರುವ ಪತ್ತೇದಾರಿ ಕಾದಂಬರಿಯನ್ನು ನಾನು ಇದೇ ಮೊದಲು ಓದಿದ್ದು; ಮೂಲೆಯಲ್ಲಿ ಜಪಮಾಲೆ ಹಿಡಿದು ಕೂತವರಲ್ಲ, ಸಮಯ ಬಂದಾಗ ಎದ್ದು ನಿಲ್ಲುವವರು. ಒಂದು ಎಚ್ಚರಿಕೆ: ನಾಯಕಿಯ ಮೇಲೆ ಬಲಾತ್ಕಾರವಾಗುವ ಪ್ರಸಂಗವಿದೆ. ಚಪ್ಪರಿಸಿ ಬರೆದಿಲ್ಲ, ಗಂಭೀರವಾಗಿಯೇ ಇದೆ. ಆದರೂ ಪಿ.ಯು.ಸಿ. ಹುಡುಗಿಯರಿಗೆ ಸರಿ, ಹೈಸ್ಕೂಲಿನವರಿಗೆ ಬೇಡ. ಮಗಳು ಓದಿದರೆ ಆ ಪುಟದ ಮೇಲೆ ಅವಳ ಜೊತೆ ಮಾತಾಡುವ ಧೈರ್ಯ ನಮಗಿರಬೇಕು. ನಮ್ಮ ತಾಯಂದಿರು ನಮ್ಮೊಡನೆ ಮಾತಾಡಲಿಲ್ಲ.

ಇಂಗ್ಲಿಷ್ ಬಾರದವರಿಗೆ ಏನು ಗತಿ ಎಂದು ಕೇಳುತ್ತೀರಿ. ಹದಿಹರೆಯದವರಿಗೆಂದೇ ಹೀಗೆ ಕಟ್ಟಿ ಬರೆದದ್ದು ಕನ್ನಡದಲ್ಲಿ ತೀರಾ ಕಡಮೆ, ಅದು ನನಗೂ ಕೊರಗು. ಆದರೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಇದೆಯಲ್ಲ, 1985ರದು. ಏಲಕ್ಕಿ ವಿಜ್ಞಾನಿಯೊಬ್ಬರ ಸಾವಿನ ಹಿಂದೆ ಬಿದ್ದು ಮಲೆನಾಡಿನ ಒಂದು ಊರನ್ನೇ ಬಗೆದು ತೋರಿಸುವ ಕಾದಂಬರಿ. ‘ಜುಗಾರಿ ಕ್ರಾಸ್’ ಹಿಡಿದರೆ ಸಾರು ಸೀದರೂ ಕೆಳಗಿಡಲಾರಿರಿ. ಮಗಳು ಇಂಗ್ಲಿಷಿನದು ಓದಲಿ, ನೀವು ಇದನ್ನು ಓದಿ, ರಾತ್ರಿ ಕಥೆ ವಿನಿಮಯ ಮಾಡಿಕೊಳ್ಳಿ.

ಇಷ್ಟೆಲ್ಲ ಹೇಳುವ ನಾನು ಒಂದು ಹಳೆಯ ನೋವನ್ನೂ ಹೇಳಿಬಿಡಬೇಕು. ನಮ್ಮಣ್ಣ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಪುಸ್ತಕಗಳನ್ನು ಗೆಳೆಯರಿಂದ ತರುತ್ತಿದ್ದ. ಅವನು ಓದಬಹುದು, ನಾನು ಓದಬಾರದು. ‘ಹೆಣ್ಣುಮಕ್ಕಳು ಕೊಲೆ ಕಥೆ ಓದಿದರೆ ಮನಸ್ಸು ಕೆಡುತ್ತೆ’ ಎಂದು ಅಮ್ಮ. ಒಂದು ಸಲ ಹೊದಿಕೆ ಕಿತ್ತುಹೋದ ಯಾವುದೋ ಪತ್ತೇದಾರಿ ಪುಸ್ತಕ ನನ್ನ ಕೈಗೆ ಸಿಕ್ಕಿತು. ಯಾರು ಬರೆದದ್ದೋ ತಿಳಿಯದು. ಹಿತ್ತಲ ಕೊಟ್ಟಿಗೆಯಲ್ಲಿ ಕುಳಿತು ಓದುತ್ತಿದ್ದೆ. ಇನ್ನು ಹತ್ತು ಹನ್ನೆರಡು ಪುಟ ಇರುವಾಗ ಸಿಕ್ಕಿಬಿದ್ದೆ. ಅಮ್ಮ ಬೈಯಲೂ ಇಲ್ಲ. ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದಳು. ಆ ದಿನ ಸ್ನಾನದ ನೀರು ಬೇಗ ಕಾಯಿತು. ಮಳೆಯ ರಾತ್ರಿ, ಒಂಟಿ ಬಂಗಲೆ, ಮೂರು ಬೀಗದ ಕೈ. ಕೊಂದವರು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅಮ್ಮನ ಪ್ರೀತಿಯಲ್ಲಿ ನನಗೆ ಯಾವತ್ತೂ ಸಂಶಯವಿರಲಿಲ್ಲ. ಆದರೆ ಅಂದಿನಿಂದ ನಾನು ಏನು ಓದುತ್ತೇನೆಂದು ಅಮ್ಮನಿಗೆ ಒಂದು ದಿನವೂ ಹೇಳಲಿಲ್ಲ. ಓದು ಮಾತ್ರವಲ್ಲ, ಬೇರೆ ಬಹಳಷ್ಟನ್ನೂ ಹೇಳಲಿಲ್ಲ.

ಹಾಗಾಗಿ ಆ ತಂಗಿಗೆ ಬರೆದೆ. ‘ಪುಸ್ತಕ ಇವತ್ತೇ ಕೊಡಿ. ಬಚ್ಚಿಟ್ಟದ್ದು ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ನೀವು ಸೊಪ್ಪು ಸೋಸುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೀದ ರೊಟ್ಟಿಯ ಕಥೆ ಏನೇ ಎಂದು ಕೇಳಿ.’

ಮೊನ್ನೆ ಅವರ ಎರಡನೆಯ ಪತ್ರ ಬಂತು. ಪುಸ್ತಕ ಕೊಟ್ಟ ಮೇಲೂ ಎರಡು ದಿನ ಬಿಗುಮಾನವಂತೆ. ಮೂರನೆಯ ದಿನ ‘ಸೀದ ರೊಟ್ಟಿ ವಿಷಯ ನಿಂಗೆ ಹೆಂಗೆ ಗೊತ್ತಮ್ಮಾ?’ ಎಂದು ಕಣ್ಣರಳಿಸಿದಳಂತೆ. ಅಲ್ಲಿಂದ ದಿನಾ ಸಂಜೆ ಅಡಿಗೆಮನೆ ಹೊಸ್ತಿಲ ಮೇಲೆ ಕುಳಿತು ಒಂದೊಂದು ಅಧ್ಯಾಯ ಕನ್ನಡದಲ್ಲಿ ಹೇಳಿದ್ದಾಳೆ. ಕೊನೆಯ ಅಧ್ಯಾಯದ ಹೊತ್ತಿಗೆ ಮಾತ್ರ ನಿಲ್ಲಿಸಿ, ಮುಂದಿನದನ್ನು ನೀನೇ ಓದಿಕೋ, ಅಕ್ಷರ ನಾನು ಹೇಳಿಕೊಡ್ತೀನಿ ಎಂದು ಹಟ ಹಿಡಿದಿದ್ದಾಳಂತೆ. ‘ಈ ವಯಸ್ಸಲ್ಲಿ ಎಲ್ಲಿ ಕಲೀಲಿ ಅಕ್ಕಾ, ಆ ರೊಟ್ಟಿ ಹುಡುಗ ಬದುಕಿದನೋ ಇಲ್ಲವೋ ಅಂತ ಎರಡು ರಾತ್ರಿ ನಿದ್ದೆ ಇಲ್ಲ, ನೀವಾದರೂ ಒಂದು ಸಾಲು ಬರೀರಿ’ ಎಂದಿದ್ದಾರೆ.

ನಾನು ಬರೆಯುವುದಿಲ್ಲ ತಂಗೀ. ಹೊಸ್ತಿಲ ಮೇಲೆ ಕೂತಿರುವವಳನ್ನು ಕೇಳಿ.